ಕಥೆಗೊಂದು ರೋಮನ್ ಮಾದರಿಯ ಗಣರಾಜ್ಯ: ಕಾವಲು, ಕೋರ್ಟು ಕಟ್ಟುವುದು ಹೇಗೆ?

ಕಲ್ಪಿತ ರಾಜ್ಯಗಳ ಕಥೆ, ನಾಟಕ ಬರೆಯುವ ಹೊಸಬರಲ್ಲಿ ಹಲವರು ಪ್ರಾಚೀನ ರೋಮ್ ಗಣರಾಜ್ಯವನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಟೋಗಾ, ಸೆನೆಟ್, ಚುನಾವಣೆ ಎಲ್ಲ ಚೆನ್ನಾಗಿಯೇ ಬಂದಿರುತ್ತದೆ. ಒಂದು ಕೊಲೆಯಾಗುತ್ತಿದ್ದಂತೆ ಮಾತ್ರ ಶಿರಸ್ತ್ರಾಣ ತೊಟ್ಟ ಪೊಲೀಸರು ಓಡಿಬರುತ್ತಾರೆ, ಮುಂದಿನ ದೃಶ್ಯದಲ್ಲಿ ನ್ಯಾಯಾಧೀಶರು ಸುತ್ತಿಗೆ ಕುಟ್ಟಿ ‘ಆರ್ಡರ್’ ಅನ್ನುತ್ತಾರೆ. ಅಲ್ಲಿಗೆ ರೋಮ್ ಮುಗಿಯಿತು, ಉಳಿದದ್ದು ಹಳೆಯ ಸಿನಿಮಾ. ಇದನ್ನು ಸರಿಪಡಿಸುವ ಕ್ರಮ ಹೀಗಿದೆ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಕ್ರಿ.ಪೂ. 70ರ ಆಸುಪಾಸನ್ನೇ ಮಾದರಿಯಾಗಿ ತೆಗೆದುಕೊಳ್ಳಿ. ಕೋರ್ಟುಗಳು ಪೂರ್ತಿ ಬೆಳೆದ, ರಾಜಕೀಯ ಕುದಿಯುತ್ತಿದ್ದ ಕಾಲ ಅದು.

ಎರಡನೆಯದಾಗಿ, ಪೊಲೀಸರನ್ನು ಅಳಿಸಿಹಾಕಿ. ಗಣರಾಜ್ಯದ ರೋಮ್‌ನಲ್ಲಿ ಪೊಲೀಸ್ ಪಡೆಯೇ ಇರಲಿಲ್ಲ. ರಾತ್ರಿ ಗಸ್ತಿನ ವಿಗಿಲೆಸ್ ಪಡೆ ಬಂದದ್ದು ಕ್ರಿ.ಶ. 6ರಲ್ಲಿ, ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ. ಅದಕ್ಕೂ ಮೊದಲು ಇದ್ದವರು ಕೆಲವೇ ಮಂದಿ. ಟ್ರೆಸ್ವಿರಿ ಕಾಪಿಟಾಲೆಸ್ ಎಂಬ ಮೂವರು ಕಿರಿಯ ಅಧಿಕಾರಿಗಳು ಕಾರಾಗೃಹ, ಮರಣದಂಡನೆ, ರಾತ್ರಿಯ ಬೆಂಕಿ ಕಾವಲು ನೋಡಿಕೊಳ್ಳುತ್ತಿದ್ದರು. ಮಾರುಕಟ್ಟೆ, ಬೀದಿಗಳು ನಗರ ನಿರ್ವಹಣೆಯ ಅಧಿಕಾರಿಗಳಾದ ಈಡೈಲ್‌ಗಳ ಪಾಲು. ಅತ್ಯುನ್ನತ ಚುನಾಯಿತ ಅಧಿಕಾರಿ ಕಾನ್ಸಲ್‌ನ ಮುಂದೆ ಕಟ್ಟಿಗೆಯ ಕಟ್ಟು ಹೊತ್ತು ಸಾಗುವ ಹನ್ನೆರಡು ಲಿಕ್ಟರ್‌ಗಳು ಅವನ ಅಧಿಕಾರದ ಗುರುತು. ಅವನ ಆಜ್ಞೆಯಾದರೆ ಹಿಡಿಯುತ್ತಾರೆ, ಆದರೆ ಕಳ್ಳರನ್ನು ಹುಡುಕಿಕೊಂಡು ಹೋಗುವವರಲ್ಲ. ನಗರದ ಪವಿತ್ರ ಗಡಿಯೊಳಗೆ ಆ ಕಟ್ಟಿನಿಂದ ಕೊಡಲಿ ತೆಗೆದಿಡಬೇಕಿತ್ತು, ಏಕೆಂದರೆ ಮರಣದಂಡನೆಯ ವಿರುದ್ಧ ಜನಸಭೆಗೆ ಮೊರೆಹೋಗುವ ಹಕ್ಕು ನಾಗರಿಕನಿಗಿತ್ತು. ಉಡುಪಿನಂಗಡಿಯಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಎದೆಗವಚ ತಂದು ನಗರದ ಬೀದಿಯ ದೃಶ್ಯಕ್ಕೆ ಸೈನಿಕರನ್ನು ನಿಲ್ಲಿಸಬೇಡಿ. ಸೈನ್ಯ ಆ ಗಡಿಯ ಹೊರಗಿರಬೇಕು.

ಹಾಗಾದರೆ ಆರೋಪಿಯನ್ನು ಕರೆತರುವವರು ಯಾರು? ದೂರುಕೊಟ್ಟವನೇ. ಕ್ರಿ.ಪೂ. 451–450ರ ಹನ್ನೆರಡು ಫಲಕಗಳ ಶಾಸನ ಶುರುವಾಗುವುದೇ ಇಲ್ಲಿಂದ: ಕರೆದರೆ ಅವನು ಬರಬೇಕು; ಬಾರದಿದ್ದರೆ ಸಾಕ್ಷಿ ಕರೆದು ಹಿಡಿದುಕೊಳ್ಳಬಹುದು. ಅವನಿಗೆ ಕಾಯಿಲೆಯೋ ವಯಸ್ಸೋ ಅಡ್ಡಬಂದರೆ ಸವಾರಿಗೊಂದು ಪ್ರಾಣಿ ಒದಗಿಸಬೇಕು, ಹಾಸಿಗೆ ಹಾಸಿದ ಗಾಡಿ ಕೊಡಬೇಕಾಗಿಲ್ಲ. ಸಾಕ್ಷಿಯಾಗಲು ಒಪ್ಪಿದವನ ಕಿವಿಯ ಹಾಲೆ ಮುಟ್ಟುವ ಪದ್ಧತಿ ಇತ್ತು. ಈ ಒಂದು ಸನ್ನೆ ಸಾಕು, ಇದು ಬೇರೆಯೇ ಲೋಕವೆಂದು ಓದುಗರಿಗೆ ಗೊತ್ತಾಗುತ್ತದೆ. ಸ್ನೇಹಿತರು, ಆಳುಕಾಳು, ಆಶ್ರಿತರ ದಂಡು ಇದ್ದವನಿಗೆ ಈ ಕೆಲಸ ಸಲೀಸು, ಒಂಟಿಯವನಿಗೆ ಬಲು ಕಷ್ಟ. ಈ ಅಸಮಾನತೆಯನ್ನು ಮರೆಮಾಚದೆ ಬರೆಯಿರಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಹಣಕಾಸಿನ ವ್ಯಾಜ್ಯದಲ್ಲಿ ವಿಚಾರಣೆ ಎರಡು ಹಂತದ್ದು. ಎರಡನ್ನೂ ಬೇರೆಬೇರೆ ಜನ ನಡೆಸುತ್ತಾರೆ. ಮೊದಲ ಹಂತ ಪ್ರೀಟರ್‌ನ ಎದುರು. ಇವನು ಒಂದು ವರ್ಷಕ್ಕೆ ಚುನಾಯಿತನಾದ ರಾಜಕಾರಣಿ, ಫೋರಂ ಎಂಬ ನಗರದ ಬಯಲು ಚೌಕದಲ್ಲಿ ವೇದಿಕೆಯ ಮೇಲೆ ಕುಳಿತಿರುತ್ತಾನೆ. ಯಾವ ಯಾವ ತಕರಾರಿಗೆ ಪರಿಹಾರ ಕೊಡುವೆನೆಂದು ಅಧಿಕಾರ ವಹಿಸಿಕೊಂಡಾಗಲೇ ಬಿಳಿ ಹಲಗೆಯ ಮೇಲೆ ಬರೆಸಿ ನಿಲ್ಲಿಸಿರುತ್ತಾನೆ. ಅವನು ತೀರ್ಪು ಕೊಡುವುದಿಲ್ಲ. ತೀರ್ಪುಗಾರನಿಗೆ ಒಂದು ಸೂತ್ರ ಬರೆದುಕೊಡುತ್ತಾನೆ. ರೋಮನ್ ಕಾನೂನಿನ ಪಾಠಗಳಲ್ಲಿ ಬರುವ ಮಾದರಿ ಸೂತ್ರದ ಸಾರ ಹೀಗಿದೆ:

‘ಟಿಟಿಯಸ್ ತೀರ್ಪುಗಾರನಾಗಲಿ. ನ್ಯೂಮೇರಿಯಸ್ ನೆಗಿಡಿಯಸ್ ಎಂಬವನು ಆಲಸ್ ಅಗೇರಿಯಸ್‌ಗೆ ಹತ್ತು ಸಾವಿರ ಸೆಸ್ಟರ್ಸ್ ಕೊಡಬೇಕಾಗಿದೆ ಎಂದು ಕಂಡುಬಂದರೆ, ತೀರ್ಪುಗಾರನೇ, ಅಷ್ಟು ಕೊಡುವಂತೆ ವಿಧಿಸು, ಕಂಡುಬಾರದಿದ್ದರೆ ಬಿಟ್ಟುಬಿಡು.’

ನಿಮ್ಮ ಜಗಳದ ದೃಶ್ಯ ಇರಬೇಕಾದದ್ದು ಈ ವಾಕ್ಯದ ಮೇಲೆ. ‘ಸದ್ಯಕ್ಕೆ ಹಣ ಕೇಳುವುದಿಲ್ಲ ಅಂತ ಒಪ್ಪಿದ್ದೆಯಲ್ಲ’ ಎಂದು ನೆಗಿಡಿಯಸ್ ವಾದಿಸುತ್ತಾನೆ ಅನ್ನಿ. ಆಗ ‘ಅಂಥ ಒಪ್ಪಂದ ಆಗಿಲ್ಲದಿದ್ದರೆ’ ಎಂಬ ಮಾತನ್ನು ಸೂತ್ರದಲ್ಲಿ ಸೇರಿಸಲು ಪ್ರೀಟರ್‌ನನ್ನು ಕೇಳಬೇಕು. ಸೇರಿಸಿದರೆ ಇಡೀ ಮೊಕದ್ದಮೆ ಆ ತುಣುಕಿನ ಮೇಲೆ ನಿಲ್ಲುತ್ತದೆ. ಅಗೇರಿಯಸ್‌ಗೂ ಅಪಾಯವಿದೆ: ಬರಬೇಕಾದದ್ದು ಹತ್ತು ಸಾವಿರವಿದ್ದು ಹನ್ನೊಂದು ಸಾವಿರ ಕೇಳಿದರೆ ಇಡೀ ಮೊತ್ತವೇ ಕೈತಪ್ಪುತ್ತದೆ, ಮತ್ತೆ ದಾವೆ ಹೂಡುವಂತಿಲ್ಲ.

ಎರಡನೇ ಹಂತದಲ್ಲಿ ಆ ಸೂತ್ರ ಹಿಡಿದು ಸಾಕ್ಷ್ಯ ಕೇಳುವ ಟಿಟಿಯಸ್ ಸರ್ಕಾರಿ ನೌಕರನಲ್ಲ, ಎರಡೂ ಕಡೆಯವರು ಒಪ್ಪಿದ ಒಬ್ಬ ನಾಗರಿಕ. ಕಾನೂನು ಪಂಡಿತನಾಗಬೇಕಿಲ್ಲ, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಲಹೆ ಕೇಳುತ್ತಾನೆ. ಕಥೆ ಚಿಕ್ಕದಾಗಲಿ ಎಂದು ಪ್ರೀಟರ್‌ನನ್ನೂ ಇವನನ್ನೂ ಒಂದೇ ಪಾತ್ರ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಅಧಿಕಾರ ಒಬ್ಬನ ಕೈಯಲ್ಲಿ, ನಿರ್ಣಯ ಇನ್ನೊಬ್ಬನ ಕೈಯಲ್ಲಿ ಇರುವುದೇ ಈ ವ್ಯವಸ್ಥೆಯ ಜೀವ. ಇಂಟರ್‌ನೆಟ್‌ನಲ್ಲಿ ಸಿಗುವ ‘ಕಲ್ಪಿತ ರಾಜ್ಯ ಕಟ್ಟುವ’ ಸಿದ್ಧ ನಮೂನೆಗಳನ್ನೂ ನಂಬಬೇಡಿ; ನಾನು ನೋಡಿದವುಗಳಲ್ಲಿ ‘ಪೊಲೀಸ್ ಮುಖ್ಯಸ್ಥ’, ‘ಮುಖ್ಯ ನ್ಯಾಯಮೂರ್ತಿ’ ಎಂಬ ಖಾಲಿ ಜಾಗಗಳಿದ್ದವು. ಅವನ್ನು ತುಂಬಿಸುತ್ತಾ ಹೋದರೆ ಆಧುನಿಕ ರಾಜ್ಯವೇ ಆಗಿಬಿಡುತ್ತದೆ.

ದೊಡ್ಡ ಅಪರಾಧಗಳಿಗೆ ಬೇರೆ ಕೋರ್ಟು ಬೇಕು. ಪ್ರಾಂತ್ಯಗಳಲ್ಲಿ ಸುಲಿಗೆ ಮಾಡಿದ ಅಧಿಕಾರಿಗಳಿಗಾಗಿ ಕ್ರಿ.ಪೂ. 149ರಲ್ಲಿ ಮೊದಲ ಕಾಯಂ ನ್ಯಾಯಮಂಡಳಿ ಬಂತು. ಇಲ್ಲೂ ಸರ್ಕಾರಿ ವಕೀಲನಿಲ್ಲ, ನಾಗರಿಕನೇ ಆರೋಪ ಹೊರಿಸಬೇಕು. ಸಿಸಿಲಿಯನ್ನು ದೋಚಿದ ಗವರ್ನರ್ ವೆರೆಸ್ ಮೇಲೆ ಕ್ರಿ.ಪೂ. 70ರಲ್ಲಿ ವಾಗ್ಮಿ ಸಿಸೆರೊ ಹೀಗೇ ನಿಂತದ್ದು. ಆರೋಪಿಸುವ ಹಕ್ಕಿಗೇ ಮೊದಲು ಇನ್ನೊಬ್ಬನೊಂದಿಗೆ ಸ್ಪರ್ಧಿಸಬೇಕಾಯಿತು. ಎದುರು ಪಕ್ಷ ವಿಚಾರಣೆಯನ್ನು ಮುಂದಿನ ವರ್ಷಕ್ಕೆ ಎಳೆಯಲು ನೋಡುತ್ತಿತ್ತು. ಹಾಗಾಗಿ ಸಿಸೆರೊ ಉದ್ದದ ಭಾಷಣ ಬಿಟ್ಟು ನೇರ ಸಾಕ್ಷಿಗಳನ್ನೇ ನಿಲ್ಲಿಸಿದ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ನಮೂನೆ ನಾನು ಕಂಡಿಲ್ಲ.

ತೀರ್ಪುಗಾರರ ಮಂಡಳಿಯಲ್ಲಿ ಯಾರು ಕೂರಬೇಕು ಎಂಬುದೇ ರಾಜಕೀಯ. ಸುಧಾರಕ ಗೈಯಸ್ ಗ್ರಾಕಸ್ ಅದನ್ನು ಶ್ರೀಮಂತ ಈಕ್ವಿಟೆಸ್ ವರ್ಗಕ್ಕೆ ಕೊಟ್ಟ, ಸರ್ವಾಧಿಕಾರಿ ಸುಲ್ಲಾ ಸೆನೆಟರ್‌ಗಳಿಗೆ ಮರಳಿಸಿದ, ಕ್ರಿ.ಪೂ. 70ರ ಕಾನೂನು ಮೂರು ಗುಂಪುಗಳಿಗೆ ಹಂಚಿತು. ಮತದಾನವನ್ನು ಹತ್ತಿರದಿಂದ ತೋರಿಸಿ. ಮೇಣ ಬಳಿದ ಪುಟ್ಟ ಹಲಗೆಯ ಒಂದು ಬದಿ ಬಿಡುಗಡೆಯ ಅಕ್ಷರ, ಇನ್ನೊಂದು ಬದಿ ಶಿಕ್ಷೆಯ ಅಕ್ಷರ. ಬೇಡದ್ದನ್ನು ಬೆರಳಿನಿಂದ ಉಜ್ಜಿ ಅಳಿಸಿ ಪಾತ್ರೆಗೆ ಹಾಕುತ್ತಾರೆ.

ಕೊನೆಯದಾಗಿ, ಗಣ್ಯ ಅಪರಾಧಿಯನ್ನು ಜೈಲಿಗೆ ಕಳಿಸಿ ಕಥೆ ಮುಗಿಸಬೇಡಿ. ಕ್ಯಾಪಿಟೋಲಿನ್ ಗುಡ್ಡದ ಬುಡದ ಕಾರಾಗೃಹ ವರ್ಷಗಟ್ಟಲೆ ಶಿಕ್ಷೆ ಅನುಭವಿಸುವ ಜಾಗವಾಗಿರಲಿಲ್ಲ. ವೆರೆಸ್ ತೀರ್ಪಿಗೂ ಮೊದಲೇ ಮಸ್ಸಿಲಿಯಾಗೆ, ಅಂದರೆ ಇಂದಿನ ಮಾರ್ಸೇಗೆ, ಹೊರಟುಹೋದ. ನಿಮ್ಮ ಖಳನಿಗೂ ಗಡೀಪಾರಿನ ದಾರಿ ತೆರೆದಿಡಿ. ಅವನು ಹೋದಮೇಲೂ ಎಷ್ಟು ಹಣ ಹಿಂತಿರುಗಿಸಬೇಕೆಂದು ಲೆಕ್ಕಹಾಕುವ ಕಲಾಪ ಉಳಿದಿರುತ್ತದೆ. ದೋಚಿಸಿಕೊಂಡ ಊರಿನವರು ಕುಳಿತು ಆ ಲೆಕ್ಕ ಕೇಳುವ ದೃಶ್ಯವನ್ನು ಬಿಡದೆ ಬರೆಯಿರಿ.