ಮಳೆಗಾಲಕ್ಕೆ ಮೊದಲು ಜೀಪಿಗೆ ರಾಕರ್ ಗಾರ್ಡ್: ಲೇಪನ ಮತ್ತು ಜೋಡಣೆಯ ಕ್ರಮ

ಮಳೆನೀರು ಕೊರೆದ ತೋಟದ ರಸ್ತೆಯಲ್ಲಿ ಜೀಪಿನ ಒಂದು ಬದಿಯ ಚಕ್ರಗಳು ಕೊರಕಲಿಗೆ ಇಳಿದರೆ, ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಗುವ ತಗಡಿನ ಅಂಚು ನೆಲದಿಂದ ಎದ್ದ ಕಲ್ಲಿಗೆ ತಾಗುತ್ತದೆ. ರಾಕರ್ ಪ್ಯಾನೆಲ್ ಎಂದು ಕರೆಯುವ ಈ ಭಾಗ ಒಮ್ಮೆ ಒಳಕ್ಕೆ ತಗ್ಗಿದರೆ ಬಾಗಿಲು ಸರಿಯಾಗಿ ಕೂರದೆ ಹೋಗಬಹುದು. ಬಣ್ಣ ಸೀಳಿದ ಜಾಗದಿಂದ ತುಕ್ಕು ಹತ್ತುವುದಂತೂ ಖಂಡಿತ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ತೋಟಗಳಲ್ಲಿ ವಾಹನ ಓಡಿಸುವವರಿಗೆ ರಾಕರ್ ಗಾರ್ಡ್, ಅಂದರೆ ಆ ತಗಡಿಗೆ ಅಡ್ಡವಾಗಿ ಷಾಸಿಗೆ (ವಾಹನದ ಅಡಿಯ ಉಕ್ಕಿನ ಚೌಕಟ್ಟಿಗೆ) ಬಿಗಿಯುವ ದಪ್ಪ ಉಕ್ಕಿನ ಕೊಳವೆ, ಅಲಂಕಾರಕ್ಕಿಂತ ಹೆಚ್ಚಾಗಿ ಅಗತ್ಯದ ವಸ್ತು.

ಗಾರ್ಡ್ ಕೊಳ್ಳುವಾಗ ಕೊಳವೆಯ ದಪ್ಪವನ್ನೂ ಬೆಲೆಯನ್ನೂ ವಿಚಾರಿಸುವವರು ಅದರ ಮೇಲಿನ ಲೇಪನ ಎಂಥದ್ದೆಂದು ಅಷ್ಟಾಗಿ ಕೇಳುವುದಿಲ್ಲ. ತಿಂಗಳುಗಟ್ಟಲೆ ಮಳೆ ಹಿಡಿಯುವ ನಮ್ಮ ಮಲೆನಾಡಿನಲ್ಲಿ ಕಲ್ಲಿಗಿಂತಲೂ ತುಕ್ಕೇ ಗಾರ್ಡಿನ ದೊಡ್ಡ ಶತ್ರು. ಗೊಬ್ಬರದ ಚೀಲ ಹೊರುವ ಜೀಪುಗಳಲ್ಲಿ ಅದು ಇನ್ನೂ ಬೇಗ ಹರಡುತ್ತದೆ. ಎಂಒಪಿ ಎಂದು ನಾವು ತರುವ ಪೊಟ್ಯಾಷ್ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್ ಆಗಿರುವುದರಿಂದ, ಚೀಲದಿಂದ ಸೋರಿ ಕೆಸರಿನೊಂದಿಗೆ ಅಂಟಿಕೊಂಡ ಅದರ ಪುಡಿ ಕಡಲ ತೀರದ ಉಪ್ಪು ಮಾಡುವ ಕೆಲಸವನ್ನೇ ಉಕ್ಕಿನ ಮೇಲೆ ಮಾಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬೋಲ್ಟ್ ಬಿಗಿಯುವುದಕ್ಕಿಂತ ಲೇಪನದ ವಿಚಾರಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಬೊಲೆರೊಗಳಲ್ಲಿ ಬಾಡಿ ಬೇರೆ, ಷಾಸಿ ಬೇರೆ. ಗಾರ್ಡಿನ ಭಾರ ಷಾಸಿಯ ಮೇಲೇ ಬೀಳಬೇಕು. ಬಾಗಿಲಿನ ಕೆಳಗಿನ ತಗಡಿನ ಅಂಚಿಗೆ ಕ್ಲಾಂಪ್ ಹಾಕಿ ನಿಲ್ಲಿಸುವ ಅಗ್ಗದ ಗಾರ್ಡುಗಳು ಹತ್ತಲು ಮೆಟ್ಟಿಲಾಗಬಹುದೇ ಹೊರತು ಕಲ್ಲಿನ ಪೆಟ್ಟನ್ನು ತಾಳಲಾರವು. ಪ್ರತ್ಯೇಕ ಷಾಸಿ ಇಲ್ಲದ ವಾಹನಗಳಿಗೆ ಇಲ್ಲಿ ಹೇಳುವ ಜೋಡಣೆ ಹೊಂದುವುದಿಲ್ಲ.

ಕಾಲ ಮತ್ತು ಮೊದಲ ಜೋಡಣೆ

ಕಾಫಿ ಕೊಯ್ಲು ಮುಗಿದು ಜೂನ್ ಮಳೆ ಹಿಡಿಯುವುದಕ್ಕೆ ಮುಂಚಿನ ಬಿಸಿಲಿನ ದಿನಗಳು ಈ ಕೆಲಸಕ್ಕೆ ತಕ್ಕವು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದ ಮರುದಿನ ಬೇಡ. ಗಾಳಿಯ ತೇವಾಂಶ ಶೇ 85ಕ್ಕಿಂತ ಕಡಿಮೆ ಇರಬೇಕು, ಉಕ್ಕಿನ ಮೇಲ್ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಲೇಪನದ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. ಚಿಕ್ಕಮಗಳೂರಿನ ಬೆಟ್ಟದ ಕಡೆ ಬೆಳಗಿನ ಮಂಜು ಪೂರ್ತಿ ಹರಿದು, ಕೊಳವೆಯನ್ನು ಮುಟ್ಟಿದರೆ ಬೆಚ್ಚಗಿದೆ ಎನಿಸಿದ ಮೇಲೆ ಬಣ್ಣದ ಡಬ್ಬಿ ತೆರೆದು, ಮೊದಲ ಪದರ ಸಂಜೆಯ ತಂಪಿಗೆ ಮುನ್ನ ಒಣಗುವಷ್ಟು ಹೊತ್ತು ಉಳಿಸಿಕೊಳ್ಳುವುದು ಒಳ್ಳೆಯದು.

ಬಣ್ಣಕ್ಕೆ ಮೊದಲು ಗಾರ್ಡನ್ನು ಬರಿಯ ಉಕ್ಕಿನ ಸ್ಥಿತಿಯಲ್ಲೇ ವಾಹನಕ್ಕೆ ಒಮ್ಮೆ ಜೋಡಿಸಿ ನೋಡಬೇಕು. ತೂತುಗಳು ಕೂಡದಿದ್ದರೆ, ಬ್ರ್ಯಾಕೆಟ್ಟಿನ ಮೂಲೆ ಬ್ರೇಕ್ ಪೈಪಿಗೆ ತಾಗುವಂತಿದ್ದರೆ, ಉಜ್ಜುವುದೂ ಕೊರೆಯುವುದೂ ಆಗಲೇ ಮುಗಿಯಬೇಕು. ಲೇಪನವಾದ ಮೇಲೆ ದೊಡ್ಡದು ಮಾಡಿದ ಒಂದು ತೂತು ಅಷ್ಟೂ ಶ್ರಮವನ್ನು ಹಾಳುಮಾಡುತ್ತದೆ. ಇದೇ ಹೊತ್ತಿನಲ್ಲಿ ಕೊಳವೆಯ ತುದಿಗಳನ್ನೂ ಪರೀಕ್ಷಿಸಬೇಕು. ಸುತ್ತಲೂ ಬಿರುಕಿಲ್ಲದಂತೆ ವೆಲ್ಡ್ ಮಾಡಿ ಮುಚ್ಚಿದ ಕೊಳವೆಯ ಒಳಗೆ ಹೊಸ ಗಾಳಿಯಾಗಲಿ ನೀರಾಗಲಿ ಸೇರದ ಕಾರಣ ಅಲ್ಲಿ ತುಕ್ಕು ಬೆಳೆಯುವುದಿಲ್ಲ. ತೆರೆದ ಕೊಳವೆಯಾದರೆ ನೀರು ಬಸಿದುಹೋಗಲು ಅತಿ ತಗ್ಗಿನ ಜಾಗದಲ್ಲಿ 8ರಿಂದ 10 ಮಿಲಿಮೀಟರಿನ ತೂತುಗಳಿರಬೇಕು. ಇವೆರಡರ ನಡುವಿನ ಸ್ಥಿತಿ, ಅಂದರೆ ಪ್ಲಾಸ್ಟಿಕ್ ಬಿರಡೆ ಹಾಕಿ ಮುಚ್ಚಿದಂತೆ ಮಾಡಿ ಒಳಗೆ ನೀರು ಕೂಡಲು ಬಿಡುವುದು, ಎಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಕೊಳವೆ ಒಳಗಿನಿಂದ ತೆಳುವಾಗುತ್ತಿರುತ್ತದೆ.

ಉಕ್ಕನ್ನು ಸಿದ್ಧಪಡಿಸುವುದು

ಮೊದಲು ಎಣ್ಣೆ ಮತ್ತು ಗ್ರೀಸನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಆಗಾಗ ಬದಲಾಯಿಸುತ್ತಾ ತೆಗೆಯಬೇಕು. ಇದನ್ನು ಬಿಟ್ಟು ನೇರವಾಗಿ ಗ್ರೈಂಡರ್ ಹಿಡಿದರೆ ಎಣ್ಣೆ ಉಕ್ಕಿನ ಗೀರುಗಳೊಳಗೆ ಇನ್ನಷ್ಟು ಹರಡುತ್ತದೆ. ಆಮೇಲೆ ಕಾರ್ಖಾನೆಯಿಂದಲೇ ಬಂದ ನೀಲಿಗಪ್ಪು ಪೊರೆಯ ಸರದಿ. ಮಿಲ್ ಸ್ಕೇಲ್ ಎನ್ನುವ ಈ ಪೊರೆ ನೋಡಲು ಗಟ್ಟಿಯಾದ ರಕ್ಷಣೆಯಂತೆ ಕಂಡರೂ ಅದರ ಬಿರುಕಿಗೆ ನೀರು ಇಳಿದರೆ ಪಕ್ಕದ ಉಕ್ಕು ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಬಣ್ಣದ ಸಮೇತ ಪೊರೆ ಎದ್ದುಬರುತ್ತದೆ. ವೈರ್ ಬ್ರಷ್ ಅದನ್ನು ಹೊಳಪಿಸುತ್ತದೆಯಷ್ಟೆ. ಮರಳು ಹೊಡೆಸುವುದು ಉತ್ತಮ, ಆಗದಿದ್ದರೆ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಎಮರಿ ಪಟ್ಟಿಗಳ ಬಿಲ್ಲೆ) ಹಾಕಿ ಬೂದು ಬಣ್ಣದ ಶುದ್ಧ ಲೋಹ ಕಾಣುವವರೆಗೆ ಉಜ್ಜಬೇಕು. ವೆಲ್ಡಿಂಗಿನ ಕಿಡಿ ಸಿಡಿದು ಅಂಟಿದ ಹರಳುಗಳನ್ನು ಕೆತ್ತಿ ತೆಗೆದು, ಚೂಪಾದ ಅಂಚುಗಳನ್ನು ಸುಮಾರು 2 ಮಿಲಿಮೀಟರಿನಷ್ಟು ದುಂಡಗೆ ಮಾಡಬೇಕು. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದಕ್ಕೆ ಸರಿದು ಅಲ್ಲಿ ತೆಳುವಾಗಿ ಉಳಿಯುತ್ತದೆ. ತುಕ್ಕು ಮೊದಲು ಅಂಚಿನಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಉಜ್ಜಿದ ಉಕ್ಕನ್ನು ಬರಿಗೈಯಲ್ಲಿ ಮುಟ್ಟಬಾರದು, ಒಂದು ರಾತ್ರಿ ಹಾಗೇ ಬಿಡಲೂಬಾರದು.

ಪೌಡರ್ ಕೋಟಿಂಗೋ, ಬಣ್ಣವೋ?

ಪೌಡರ್ ಕೋಟಿಂಗ್, ಅಂದರೆ ಬಣ್ಣದ ಒಣ ಪುಡಿಯ ಲೇಪನವನ್ನು, ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸುತ್ತಾರೆ. ಅದು ನುಣುಪಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಪೇಟೆಯಲ್ಲಿ ಓಡುವ ಗಾಡಿಗೆ ನಾನು ಅದನ್ನೇ ಹೇಳುತ್ತೇನೆ. ಕಲ್ಲಿಗೆ ಉಜ್ಜುತ್ತಲೇ ಇರುವ ಗಾರ್ಡಿನ ವಿಷಯ ಬೇರೆ: ಒಂದೆಡೆ ಪೌಡರ್ ಚಕ್ಕೆ ಎದ್ದರೆ ನೀರು ಅದರ ಅಡಿಗೆ ನುಗ್ಗಿ ಹರಡುತ್ತದೆ, ಮನೆಯಲ್ಲಿ ಅದನ್ನು ಮೊದಲಿನಂತೆ ಸರಿಪಡಿಸಲಾಗದು. ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಮತ್ತು ಅದರ ಮೇಲೆ ಪಾಲಿಯುರೆಥೇನ್ ಬಣ್ಣವಾದರೆ ಗೀರಿದ ಜಾಗವನ್ನಷ್ಟೇ ಉಜ್ಜಿ ಮತ್ತೆ ಬಳಿಯಬಹುದು. ಆದ್ದರಿಂದ ತೋಟದ ಜೀಪಿಗೆ ಬಣ್ಣವೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ.

ಪ್ರೈಮರಿಗೆ ಹಾರ್ಡನರನ್ನು (ಎರಡನೇ ಡಬ್ಬಿಯಲ್ಲಿರುವ, ಬಣ್ಣವನ್ನು ಗಟ್ಟಿಯಾಗಿಸುವ ದ್ರವವನ್ನು) ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಅಳೆದು ಬೆರೆಸಬೇಕು; ಬೇಗ ಒಣಗಲೆಂದು ಹೆಚ್ಚು ಸುರಿದರೆ ಪದರ ಪೆಡಸಾಗಿ ಬಿರಿಯುತ್ತದೆ. ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವುದರಿಂದ ಬೇಕಾದಷ್ಟನ್ನೇ ಬೆರೆಸಿಕೊಳ್ಳಬೇಕು. ವೆಲ್ಡಿಂಗ್ ಸಾಲು, ಅಂಚು, ತೂತಿನ ಒಳಬದಿ ಇವುಗಳಿಗೆ ಮೊದಲು ಸಣ್ಣ ಬ್ರಷ್ಷಿನಲ್ಲಿ ಒತ್ತಿ ಬಳಿದು, ಆಮೇಲೆ ಇಡೀ ಗಾರ್ಡಿಗೆ ಬಳಿಯಬೇಕು. ಎಪಾಕ್ಸಿ ಬಿಸಿಲಿಗೆ ಪುಡಿಪುಡಿಯಾಗಿ ಮಂಕಾಗುವ ಕಾರಣ ಮೇಲಿನ ಪಾಲಿಯುರೆಥೇನ್ ಪದರವನ್ನು ಬಿಡುವಂತಿಲ್ಲ; ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ ಅದನ್ನು ಬಳಿಯಬೇಕು, ಅವಧಿ ಮೀರಿದ್ದರೆ ಪ್ರೈಮರನ್ನು ಎಮರಿ ಕಾಗದದಿಂದ ಲಘುವಾಗಿ ಉಜ್ಜಿದ ಮೇಲೆಯೇ ಬಳಿಯಬೇಕು. ಪಾಲಿಯುರೆಥೇನಿನ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡಿದರೆ ಅದು ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಮಾಡುವವರು ಬಯಲಿನಲ್ಲಿ, ಕೈಗವಸು ಹಾಕಿ, ಬ್ರಷ್ ಅಥವಾ ರೋಲರಿನಲ್ಲೇ ಬಳಿಯಲಿ.

ಬ್ರ್ಯಾಕೆಟ್ ಷಾಸಿಗೆ ಒತ್ತಿ ಕೂರುವ ಮುಖಕ್ಕೆ ಪ್ರೈಮರಿನ ತೆಳು ಪದರ ಸಾಕು. ಅಲ್ಲಿ ದಪ್ಪ ಬಣ್ಣವಾಗಲಿ ರಬ್ಬರಿನಂಥ ಲೇಪನವಾಗಲಿ ಇದ್ದರೆ ಬೋಲ್ಟಿನ ಒತ್ತಡಕ್ಕೆ ಅದು ದಿನೇ ದಿನೇ ತಗ್ಗಿ ಬಿಗಿತ ಕಳೆದುಹೋಗುತ್ತದೆ. ತೆರೆದ ಕೊಳವೆಯ ಒಳಕ್ಕೆ ಬಣ್ಣವೆಲ್ಲ ಒಣಗಿದ ನಂತರ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಬೇಕು.

ಕೂರಿಸುವುದು

ಬಣ್ಣ ಮುಟ್ಟಲು ಒಣಗಿದಂತೆ ಕಂಡರೂ ಪೂರ್ಣ ಗಟ್ಟಿಯಾಗಲು ಹಲವು ದಿನ ಬೇಕು. ಎಪಾಕ್ಸಿ ಮತ್ತು ಪಾಲಿಯುರೆಥೇನಿಗೆ ಒಂದು ವಾರ ಕೊಡುವುದು ಒಳಿತು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕಲ್ಲಿಡಬೇಕು. ಎತ್ತಬೇಕಾದರೆ ಸ್ಟ್ಯಾಂಡಿನ ಆಸರೆಯಿಲ್ಲದೆ ಜಾಕನ್ನಷ್ಟೇ ನಂಬಿ ಅಡಿಗೆ ಹೋಗಬಾರದು.

ಇಬ್ಬರು ಬೇಕು: ಒಬ್ಬರು ಗಾರ್ಡನ್ನು ಎತ್ತಿ ಹಿಡಿದರೆ ಇನ್ನೊಬ್ಬರು ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ತಿರುಗಿಸಿ ಸಡಿಲವಾಗಿ ಕೂರಿಸಬೇಕು. ಎಲ್ಲವೂ ಕೂತ ಮೇಲೆ ಗಾರ್ಡ್ ಮತ್ತು ಬಾಡಿಯ ನಡುವಿನ ಅಂತರ ನೋಡಬೇಕು. ಬಾಡಿ ರಬ್ಬರ್ ಮೌಂಟುಗಳ ಮೇಲೆ ಕೂತು ಅಲುಗುತ್ತಿರುವ ಕಾರಣ ಕನಿಷ್ಠ ಒಂದು ಬೆರಳಿನಷ್ಟು ಸಂದು ಉದ್ದಕ್ಕೂ ಉಳಿಯಬೇಕು. ಬಾಗಿಲುಗಳು ತಾಗದೆ ತೆರೆಯಬೇಕು. ಆಮೇಲೆ ನಡುವಿನ ಬ್ರ್ಯಾಕೆಟ್ಟಿನಿಂದ ಶುರುಮಾಡಿ ತುದಿಗಳ ಕಡೆಗೆ, ಒಂದೇ ಸಲಕ್ಕಲ್ಲದೆ ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ (ತಿರುಗಿಸುವ ಬಲವನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ) ಬಿಗಿಯಬೇಕು. ತಯಾರಕರು ಕೊಟ್ಟ ಅಳತೆಯೇ ಮುಖ್ಯ, ಅದಿಲ್ಲದಿದ್ದಾಗ 8.8 ದರ್ಜೆಯ ಎಂ10 (10 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಒಣ ಎಳೆಯಲ್ಲಿ ಸುಮಾರು 45ರಿಂದ 50 ನ್ಯೂಟನ್ ಮೀಟರ್, ಎಂ12ಕ್ಕೆ ಸುಮಾರು 80 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಬಹುದು. ಎಳೆಗೆ ಗ್ರೀಸ್ ಸವರಿ ಅಷ್ಟೇ ಬಲ ಹಾಕಿದರೆ ಬೋಲ್ಟ್ ಮಿತಿಮೀರಿ ಹಿಗ್ಗುತ್ತದೆ.

ಷಾಸಿಗೆ ಹೊಸ ತೂತು ಕೊರೆಯುವುದನ್ನೂ ವೆಲ್ಡ್ ಮಾಡುವುದನ್ನೂ ತಪ್ಪಿಸಬೇಕು. ಅದರ ಒಳಬದಿಯಲ್ಲೇ ಬ್ರೇಕ್ ಮತ್ತು ಡೀಸೆಲ್ ಪೈಪುಗಳೂ ವೈರಿಂಗೂ ಸಾಗುತ್ತಿರುತ್ತವೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ವಾಹನದ ಅಗಲವನ್ನು ಮೀರದ, ಬಿಚ್ಚಿ ತೆಗೆಯಬಹುದಾದ ಗಾರ್ಡನ್ನೇ ಆರಿಸಿಕೊಂಡು, ಕೊಳ್ಳುವ ಮೊದಲು ಚಿಕ್ಕಮಗಳೂರು ಅಥವಾ ಹಾಸನದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಸರಿ.

ಮೊದಲ ಕೆಲವು ದಿನ ಒರಟು ರಸ್ತೆಯಲ್ಲಿ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳ ಬಿಗಿತವನ್ನು ಮತ್ತೆ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಗಾಡಿ ತೊಳೆಯುವಾಗ ಗಾರ್ಡಿನ ಮೇಲ್ಮುಖಕ್ಕೂ ಬ್ರ್ಯಾಕೆಟ್ಟಿನ ಸಂದಿಗೂ ನೀರು ಹಾಯಿಸಿ ಕೆಸರು ತೆಗೆಯಬೇಕು, ಬಸಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಬೇಕು. ಅಕ್ಟೋಬರಿನಲ್ಲಿ ಮಳೆ ಹಿಂದಾದ ಕೂಡಲೇ, ಕೊಯ್ಲಿನ ಓಡಾಟ ಶುರುವಾಗುವ ಮೊದಲು, ಗೀರಿದ ಜಾಗಗಳನ್ನು ಲೋಹ ಕಾಣುವಷ್ಟು ಉಜ್ಜಿ, ಪ್ರೈಮರ್ ಮತ್ತು ಮೇಲ್ಬಣ್ಣವನ್ನು ಅದೇ ಕ್ರಮದಲ್ಲಿ ಬಳಿಯಬೇಕು.