ಬಾಡಿಗೆಗೆ ಕೊಟ್ಟ ಮನೆಯಲ್ಲಿ ನೀರಿನ ಬಿಲ್ ಸುಮ್ನೆ ಏರುತ್ತಿದ್ದರೆ

ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಮಚ ಹಾಕಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಅಷ್ಟರಲ್ಲಿ ಕಮೋಡಿನ ನೀರು ನೀಲಿಯಾದರೆ ಟ್ಯಾಂಕ್ ಸೋರುತ್ತಿದೆ ಎಂದೇ ಅರ್ಥ. ತಳದ ರಬ್ಬರ್ ವಾಷರ್ ಸವೆದರೆ, ಅಥವಾ ಬೋರ್‌ವೆಲ್ ನೀರಿನ ಬಿಳಿ ಪದರ ಅದರ ಮೇಲೆ ಕೂತರೆ, ನೀರು ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರಿಗೆ ಬಳಕೆ ಹೆಚ್ಚಿದಂತೆ ದರವೂ ಜಾಸ್ತಿ. ಹಾಗಾಗಿ ಬಾಡಿಗೆದಾರರು ನೀರು ಪೋಲು ಮಾಡುತ್ತಾರೆ ಅಂತ ಮಾತು ಬೆಳೆಸುವ ಮೊದಲು ಇದನ್ನು ನೋಡಿಬಿಡಿ. ಎಷ್ಟೋ ಸಲ ಪಾಪ, ಅವರದೇನೂ ತಪ್ಪಿರುವುದಿಲ್ಲ. ಟ್ಯಾಂಕಿನೊಳಗಿನ ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ಕೊಳವೆ) ಬಾಯಿವರೆಗೂ ನೀರು ತುಂಬಿದ್ದರೆ ವಾಷರ್ ಬದಲಿಸಿ ಪ್ರಯೋಜನವಿಲ್ಲ, ಫ್ಲೋಟ್, ಅಂದರೆ ಟ್ಯಾಂಕ್ ತುಂಬಿದಾಗ ತೇಲಿ ಮೇಲೆದ್ದು ನೀರು ನಿಲ್ಲಿಸುವ ಭಾಗವನ್ನು ಸ್ವಲ್ಪ ಇಳಿಸಬೇಕು. ನೀಲಿಯ ಬದಲು ಅರಿಶಿನ ಹಾಕಬೇಡಿ, ಕರಗದೆ ತಳಕ್ಕೆ ಕೂರುತ್ತದೆ. ಗೋಡೆಯೊಳಗೆ ಕೂರಿಸಿದ ಟ್ಯಾಂಕಾದರೆ ಈ ಉಪಾಯ ಕಷ್ಟ, ಪ್ಲಂಬರ್ ಬೇಕು. ಪೈಪ್ ಸೋರುತ್ತಿದ್ದರೂ ಇದರಿಂದ ಗೊತ್ತಾಗುವುದಿಲ್ಲ. ಆಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ, ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮನೆ ಖಾಲಿಯಾದಾಗ, ಹೊಸಬರು ಬರುವ ಮುಂಚೆ ಎಲ್ಲ ಬಾತ್‌ರೂಮ್‌ಗಳಲ್ಲೂ ಈ ನೀಲಿ ಪರೀಕ್ಷೆ ಮಾಡಿಬಿಟ್ಟರೆ ಒಳ್ಳೆಯದು. ವಾಷರ್ ತರಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಅಳತೆ ಒಂದೊಂದು ಕಂಪನಿಯದ್ದು ಒಂದೊಂದು ಥರ.