ಜರ್ಮನಿಯಲ್ಲಿ ಓದುವವರಿಗೆ: ಮೂರನೆಯ ಸಲ ಪರೀಕ್ಷೆಗೆ ಕೂರುವ ಮುನ್ನ

ವೀಸಾ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ಖರ್ಚಿನ ಹಣ ಮೊದಲೇ ತುಂಬಿಡುವ ಖಾತೆ), ಬಾಡಿಗೆ ಕೋಣೆ ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ತರಗತಿ ಶುರುವಾದ ಮೇಲೆ ನಮ್ಮವರು ಎಲ್ಲಿ ಎಡವುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪ್ರತಿ ಸೆಮಿಸ್ಟರ್ ಮುಗಿದಾಗಲೂ ಅದೇ ಗೋಳು ಕೇಳಿ ಸಾಕಾಗಿದೆ.

ಮೊದಲು, ಇಲ್ಲಿ ಕಲಿಕೆಯ ಗುಣಮಟ್ಟ ಕಾಯುವ ಬಗೆ: ಅದು ಊರಿನಂತೆ ಪರಿಶೀಲನಾ ತಂಡ ಬರುವ ವಾರ ಗೋಡೆಗೆ ಬಣ್ಣ ಹೊಡೆಸುವುದಲ್ಲ. ಕೋರ್ಸಿನ ಮಾನ್ಯತೆ 8 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಪರಿಶೀಲಿಸುವ ತಂಡದಲ್ಲಿ ಪ್ರಾಧ್ಯಾಪಕರ ಜೊತೆ ಒಬ್ಬ ವಿದ್ಯಾರ್ಥಿಯೂ ಇರಲೇಬೇಕು. ಸೆಮಿಸ್ಟರ್ ನಡುವೆ ಹಂಚುವ ಪ್ರಶ್ನಾವಳಿಯಲ್ಲಿ ಈ ವಿಷಯಕ್ಕೆ ವಾರಕ್ಕೆಷ್ಟು ಗಂಟೆ ಓದಿದಿರಿ ಎಂದು ಕೇಳುವುದೂ ಉಂಟು. ಓದಿನ ಹೊರೆ ಅಳೆಯುವ ಯುರೋಪಿನ ಮಾನವಾದ ಇಸಿಟಿಎಸ್‌ನಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಕೆಲಸ ಎಂಬುದು ಲೆಕ್ಕ. ಅದಕ್ಕಿಂತ ಹೆಚ್ಚು ಹೇರಿದ್ದರೆ ಗೊತ್ತಾಗಬೇಕಲ್ಲ. ನಮ್ಮ ಹುಡುಗರು ಮೇಷ್ಟ್ರು ಬೇಸರ ಮಾಡಿಕೊಂಡಾರು ಎಂದು ಎಲ್ಲಕ್ಕೂ ‘ಉತ್ತಮ’ ಎಂದು ಗುರುತು ಹಾಕಿ ಬರುತ್ತಾರೆ. ಹೆಸರು ಬರೆಯಬೇಕಾಗಿಲ್ಲ, ಸ್ವಾಮಿ, ನಿಜ ಬರೆಯಿರಿ.

ಈಗ ಮುಖ್ಯ ವಿಷಯ. ಪ್ರತಿ ಕೋರ್ಸಿಗೂ ‘ಪ್ರೂಫುಂಗ್ಸ್‌ಓರ್ಡ್‌ನುಂಗ್’ ಎಂಬ ಪರೀಕ್ಷಾ ನಿಯಮಾವಳಿ ಇರುತ್ತದೆ. ಪಾಠ ಇಂಗ್ಲಿಷಿನಲ್ಲಿದ್ದರೂ ಕಾನೂನಿನ ಬಲ ಇರುವುದು ಸಾಮಾನ್ಯವಾಗಿ ಜರ್ಮನ್ ಪ್ರತಿಗೆ. ಬಹಳ ಕಡೆ ಒಂದು ಪರೀಕ್ಷೆಗೆ ಒಟ್ಟು ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ದಾಖಲಾತಿಯೇ ರದ್ದು. ಊರಿನಂತೆ ‘ಬ್ಯಾಕ್’ ಇಟ್ಟುಕೊಂಡು ಮುಂದೆ ಸಾಗುತ್ತಲೇ ಇರಲು ಆಗುವುದಿಲ್ಲ. ಇನ್ನೊಂದು ಊರಿಗೆ ಹೋಗಿ ಅದೇ ಕೋರ್ಸ್ ಸೇರೋಣವೆಂದರೆ, ಆ ಬಾಗಿಲೂ ಸಾಮಾನ್ಯವಾಗಿ ಮುಚ್ಚಿರುತ್ತದೆ. ವಾಸದ ಪರವಾನಗಿ ನಿಂತಿರುವುದೂ ಇದೇ ಓದಿನ ಮೇಲೆ.

ಪರಿಚಯದ ಹುಡುಗನೊಬ್ಬ ಕಡ್ಡಾಯ ಗಣಿತ ಪತ್ರಿಕೆಯಲ್ಲಿ ಎರಡು ಸಲ 5.0 ತೆಗೆದುಕೊಂಡ. (ಇಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಅಂಚು.) ಮೂರನೆಯ ಸಲ ಜ್ವರದಲ್ಲೇ ಹೋಗಿ ಕುಳಿತ. ಫಲಿತಾಂಶ ಬಂದ ಮೇಲೆ ವೈದ್ಯರ ಚೀಟಿ ಹಿಡಿದು ಪರೀಕ್ಷಾ ಕಚೇರಿಗೆ ಓಡಿದ. ಕಾಯಿಲೆಯಿದ್ದರೆ ಪರೀಕ್ಷೆಗೆ ಕೂರಲೇಬಾರದಿತ್ತು, ಚೀಟಿ ತಕ್ಷಣ ತಲುಪಬೇಕಿತ್ತು ಎಂದು ಕಿಟಕಿಯಾಚೆಯಿಂದಲೇ ಉತ್ತರ ಬಂತು. ಎರಡು ವರ್ಷದ ಖರ್ಚು ನೀರುಪಾಲಾಯಿತು.

ಇದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಬೇರೆಯೇ ಇದೆ. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು, ‘ಐನ್‌ಸಿಖ್ಟ್’, ಇಲ್ಲಿ ಪ್ರತಿಯೊಬ್ಬರಿಗೂ ಇದೆ. ಊರಿನಲ್ಲಾದರೆ ನಕಲು ಪ್ರತಿಗೊಂದು ಶುಲ್ಕ, ಮರುಮೌಲ್ಯಮಾಪನಕ್ಕೊಂದು ಶುಲ್ಕ. ಇಲ್ಲಿ ಸುಮ್ಮನೆ ಹೋಗಿ ಕುಳಿತು, ಪುಟ ತಿರುಗಿಸಿ, ಅಂಕ ಕೂಡಿಸಿ, ತಿದ್ದುವವರು ಗಮನಿಸದೆ ಬಿಟ್ಟದ್ದನ್ನು ಬರೆದು ತಿಳಿಸಿದರಾಯಿತು. ಪುಟದ ಹಿಂಬದಿಯ ಉತ್ತರ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಗ್ರೇಡ್ ಬದಲಾದದ್ದನ್ನು ನಾನು ನೋಡಿದ್ದೇನೆ. ಆ ಹುಡುಗ ಎರಡು ಸಲವೂ ಹೋಗಿರಲಿಲ್ಲ. ಗುರುಗಳನ್ನು ಪ್ರಶ್ನಿಸಿದಂತಾಗುತ್ತದೆ ಎಂಬ ಸಂಕೋಚವಂತೆ! ನನ್ನ ಮಟ್ಟಿಗೆ ಇಡೀ ಮಾನ್ಯತೆಯ ಕಾಗದಪತ್ರಕ್ಕಿಂತ ಐನ್‌ಸಿಖ್ಟ್‌ನ ಈ ಒಂದು ಗಂಟೆ ದೊಡ್ಡದು. ತಿದ್ದಿದವರು ತಾವು ಕೊಟ್ಟ ಅಂಕಕ್ಕೆ ವಿದ್ಯಾರ್ಥಿಯ ಎದುರು ಉತ್ತರ ಹೇಳಬೇಕಾದ ಕಡೆ ತಿದ್ದುವ ಕೈ ತಾನಾಗಿ ಎಚ್ಚರವಾಗಿರುತ್ತದೆ.

ಇನ್ನೊಂದು ಮಾತು: ಪಾಸಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವುದು ಬಹುತೇಕ ಕಡೆ ಆಗದು. ತಯಾರಿ ಅರೆಬರೆಯಾಗಿದ್ದರೆ ಗಡುವಿನೊಳಗೆ ನೋಂದಣಿ ಹಿಂತೆಗೆದುಕೊಳ್ಳಿ. ವಿದ್ಯಾರ್ಥಿ ಸಂಘವಾದ ‘ಫಾಖ್‌ಶಾಫ್ಟ್’ನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ನಿಯಮಾವಳಿ ಅರ್ಥವಾಗದಿದ್ದರೆ ಬಿಡಿಸಿ ಹೇಳುವವರೂ ಇರುತ್ತಾರೆ. ಐನ್‌ಸಿಖ್ಟ್‌ಗೆ ಎಷ್ಟೋ ವಿಭಾಗಗಳಲ್ಲಿ ಒಂದೇ ದಿನ, ಅದೂ ರಜೆಯ ನಡುವೆ. ಆ ದಿನಾಂಕ ತಿಳಿಯುವ ತನಕ ಊರಿಗೆ ಟಿಕೆಟ್ ಮಾಡಿಸಬೇಡಿ.